ಒಂದೇ ಪುಸ್ತಕ ಒಯ್ಯಬಹುದಾದರೆ ಯಾವುದು?

ನಿರ್ಜನ ದ್ವೀಪವೊಂದರಲ್ಲಿ ನೀವೊಬ್ಬರೇ ಸಿಕ್ಕಿಬಿದ್ದಿದ್ದೀರಿ. ಜತೆಗೆ ಒಂದೇ ಒಂದು ಪುಸ್ತಕ ಇಟ್ಟುಕೊಳ್ಳಬಹುದು. ಯಾವುದನ್ನು ಆರಿಸಿಕೊಳ್ಳುತ್ತೀರಿ?

ಹೊತ್ತು ಕಳೆಯಲು ಕೇಳುವ ಪ್ರಶ್ನೆ ಇದು. ಬಿ.ಬಿ.ಸಿ. ರೇಡಿಯೋದಲ್ಲಿ 1942ರಲ್ಲಿ ಶುರುವಾದ ಒಂದು ಕಾರ್ಯಕ್ರಮ ಇಂಥ ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡು ಬೆಳೆಯಿತು. ಅಲ್ಲಿ ಬೈಬಲ್ ಮತ್ತು ಶೇಕ್ಸ್‌ಪಿಯರ್ ಮೊದಲೇ ದ್ವೀಪದಲ್ಲಿ ಇರುತ್ತವೆ, ಅತಿಥಿ ಮೂರನೆಯದೊಂದನ್ನು ಹೇಳಬೇಕು. 1719ರಲ್ಲಿ ಪ್ರಕಟವಾದ ಕಾದಂಬರಿಯ ರಾಬಿನ್ಸನ್ ಕ್ರೂಸೋ ಕೂಡ ಒಡೆದ ಹಡಗಿನಿಂದ ಬಂದೂಕು, ರಮ್ ಇತ್ಯಾದಿಗಳ ಜತೆಗೆ ಮೂರು ಬೈಬಲುಗಳನ್ನು ದಡಕ್ಕೆ ತಂದುಕೊಂಡವನೇ.

ಕ್ರೈಸ್ತ ಓದುಗರಲ್ಲಿ ಈ ಆಟಕ್ಕೆ ಇನ್ನೊಂದು ಬಗೆಯುಂಟು. ಬೈಬಲ್ ಒಂದು ಪುಸ್ತಕವಲ್ಲ, ಅದೊಂದು ಪುಸ್ತಕ ಭಂಡಾರ. ಪ್ರಾಟೆಸ್ಟಂಟರ ಎಣಿಕೆಯಲ್ಲಿ ಅದರೊಳಗೆ 66 ಪುಸ್ತಕಗಳಿದ್ದರೆ ಕೆಥೊಲಿಕರ ಎಣಿಕೆಯಲ್ಲಿ 73. ಅಷ್ಟನ್ನೂ ಒಯ್ಯುವಂತಿಲ್ಲ, ನಾಲ್ಕೈದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ? ಹೆಚ್ಚಿನವರು ಕೀರ್ತನೆಗಳ ಪುಸ್ತಕವನ್ನು ಬಿಡಲಾರರು. ಅದರ 150 ಕೀರ್ತನೆಗಳಲ್ಲಿ ಸಿಟ್ಟು, ಅಳು, ಹಾಡು ಎಲ್ಲವೂ ಇವೆ. ನಾಲ್ಕು ಸುವಾರ್ತೆಗಳಲ್ಲಿ ಒಂದಾದರೂ ಬೇಕು. ಸೃಷ್ಟಿಯ ಕಥೆಗಾಗಿ ಆದಿಕಾಂಡ, ಕಷ್ಟಕಾಲಕ್ಕೆ ಯೋಬನ ಗ್ರಂಥ. ಬಲಿ, ಶುದ್ಧಿ, ಮೈಲಿಗೆಗಳ ನಿಯಮ ತುಂಬಿದ ಯಾಜಕಕಾಂಡ ಮೊದಲ ಸುತ್ತಿನಲ್ಲೇ ಕಡಲ ಪಾಲಾಗುತ್ತದೆ. ನನಗೆ ಕೇಳಿದರೆ ನಾಲ್ಕೇ ಅಧ್ಯಾಯಗಳ ಯೋನನ ಕಥೆಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ. ಸಿಕ್ಕಿಬೀಳುವುದೆಂದರೇನೆಂದು ಮೀನಿನ ಹೊಟ್ಟೆಯಲ್ಲಿ ಮೂರು ದಿನ ಕಳೆದವನಿಗಿಂತ ಹೆಚ್ಚಾಗಿ ಬಲ್ಲವರು ಯಾರು?

ಆದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ಇದು ಬರೀ ಆಟವಾಗಿ ಉಳಿಯಲಿಲ್ಲ. ಇಲ್ಲಿನ ಒಂದಕ್ಕಿಂತ ಹೆಚ್ಚು ಸಮುದಾಯಗಳು ಇರುವ ಗ್ರಂಥಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ನಿಜವಾಗಿಯೇ ಎದುರಿಸಿದವು. ಹಾಗೆ ನೋಡಿದರೆ ಬೈಬಲಿನೊಳಗೂ ಅಂಥ ಪ್ರಸಂಗಗಳಿವೆ. ಪ್ರವಾದಿ ಯೆರೆಮೀಯನ ಮಾತುಗಳನ್ನು ಬಾರೂಕನು ಸುರುಳಿಯಲ್ಲಿ ಬರೆದಿಟ್ಟಿದ್ದ. ಅರಸ ಯೆಹೋಯಾಕೀಮನು ಚಳಿ ಕಾಯಿಸುತ್ತ ಕೂತು, ಓದಿದಷ್ಟನ್ನು ಓದಿದ ಹಾಗೆಯೇ ಕತ್ತರಿಸಿ ಬೆಂಕಿಗೆ ಹಾಕಿದ. ಪ್ರವಾದಿ ಮತ್ತೆ ಹೇಳಿದ, ಬಾರೂಕ ಮತ್ತೆ ಬರೆದ. ಸೆರೆಯಲ್ಲಿದ್ದ ಪೌಲನ ಹೆಸರಿನಲ್ಲಿರುವ ಪತ್ರವೊಂದರಲ್ಲಿ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಹಾಳೆಗಳನ್ನೂ ತರಬೇಕೆಂಬ ಕೋರಿಕೆ ಇದೆ. ಅವು ಯಾವ ಪುಸ್ತಕಗಳೆಂದು ಪತ್ರ ಹೇಳುವುದಿಲ್ಲ.

ತುಳುವಿಗೆ ಮೊದಲು ಬಂದ ಮತ್ತಾಯ

ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದಲ್ಲಿ ಆಗಲೇ ಬೈಬಲ್ ಇತ್ತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ದುಡಿದು ಅದನ್ನು ಮುಗಿಸಿದ್ದರು. ತುಳುವಿನಲ್ಲಿ ಏನೂ ಇರಲಿಲ್ಲ. ತುಳು ಕಲಿಯಬೇಕು, ಕನ್ನಡ ಲಿಪಿಯಲ್ಲಿ ಅದನ್ನು ಬರೆಯುವ ಕ್ರಮ ಕಟ್ಟಬೇಕು, ಅಚ್ಚಿನ ವ್ಯವಸ್ಥೆಯೂ ಆಗಬೇಕು. 66 ಪುಸ್ತಕಗಳನ್ನು ಒಟ್ಟಿಗೆ ತರುವುದು ಕನಸಿನ ಮಾತು. ಯಾವುದು ಮೊದಲು ಎಂದು ನಿರ್ಧರಿಸುವುದು ಅನಿವಾರ್ಯವಾಯಿತು. ಗ್ರೈನರ್ ಆರಿಸಿದ್ದು ಮತ್ತಾಯನ ಸುವಾರ್ತೆಯನ್ನು. ಅದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದು 1842ರಲ್ಲಿ, ಅಂದರೆ 'ಮಂಗಳೂರ ಸಮಾಚಾರ' ಹುಟ್ಟುವುದಕ್ಕೆ ಒಂದು ವರ್ಷ ಮೊದಲು.

ಈ ಆಯ್ಕೆಯಲ್ಲಿ ಒಂದು ತಮಾಷೆಯೂ ಅಡಗಿದೆ. ಮತ್ತಾಯನ ಸುವಾರ್ತೆ ಆರಂಭವಾಗುವುದು ವಂಶಾವಳಿಯಿಂದ. ಅಬ್ರಹಾಮನಿಂದ ಕ್ರಿಸ್ತನವರೆಗೆ ಹದಿನಾಲ್ಕು ಹದಿನಾಲ್ಕರಂತೆ ಮೂರು ಕಂತುಗಳಲ್ಲಿ ತಂದೆಯಿಂದ ಮಗನಿಗೆ, ಮಗನಿಂದ ಅವನ ಮಗನಿಗೆ ಸಾಗುವ ಹೆಸರುಗಳ ಪಟ್ಟಿ. ತುಳುನಾಡಿನಲ್ಲಾದರೋ ಬಂಟರು, ಬಿಲ್ಲವರು ಮೊದಲಾದ ಹಲವು ಸಮುದಾಯಗಳಲ್ಲಿ ಆಗ ಆಸ್ತಿಯೂ ಕುಲವೂ ನಡೆಯುತ್ತಿದ್ದದ್ದು ಅಳಿಯಸಂತಾನದ ಕಟ್ಟಿನಲ್ಲಿ, ತಾಯಿಯ ಕಡೆಯಿಂದ. ತುಳುವಿನಲ್ಲಿ ಅಚ್ಚಾದ ಮೊದಲ ಸುವಾರ್ತೆಯ ಮೊದಲ ಪುಟ ಕೇಳುಗರಿಗೆ ವಿಚಿತ್ರವಾಗಿ ಕಂಡಿರಬಹುದು. ಪಟ್ಟಿಯ ನಡುವೆ ತಾಮಾರ, ರಹಾಬ, ರೂತ ಮತ್ತು ಊರೀಯನ ಹೆಂಡತಿ ಎಂದು ನಾಲ್ವರು ಹೆಂಗಸರು ಇಣುಕುವುದೇ ಒಂದು ಸಮಾಧಾನ.

ಗ್ರೈನರ್ ಮತ್ತು ಅಮ್ಮನ್ ಅವರ ದುಡಿಮೆಯಿಂದ 1847ರಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳೂ ತುಳುವಿಗೆ ಬಂದವು. ಹಳೆಯ ಒಡಂಬಡಿಕೆಯ 39 ಆ ಸರದಿಯಲ್ಲಿ ಇರಲಿಲ್ಲ. ಅದನ್ನು ಓದಬೇಕಾದವರು ಕನ್ನಡಕ್ಕೆ ಹೋಗಬೇಕಾಗಿತ್ತು. ಮನೆಯ ಭಾಷೆಯಲ್ಲಿ ಕ್ರಿಸ್ತ, ಶಾಲೆಯ ಭಾಷೆಯಲ್ಲಿ ಮೋಶೆ ಎಂಬಂಥ ಹಂಚಿಕೆ ಅದು.

ಹಾಡಾಗಿ ಉಳಿದ ಪುರಾಣ

ಕೊಂಕಣಿ ಕೆಥೊಲಿಕರ ಕಥೆ ಬೇರೆ. 16ನೇ ಶತಮಾನದ ನಡುವಿನಿಂದ ಸುಮಾರು ಇನ್ನೂರು ವರ್ಷಗಳ ಕಾಲ ಗೋವೆಯಿಂದ ತಂಡ ತಂಡವಾಗಿ ಬಂದು ಕೆನರಾದಲ್ಲಿ ನೆಲೆಸಿದವರು ಇವರು. ಚರ್ಚಿನ ಪೂಜೆ ಲ್ಯಾಟಿನಿನಲ್ಲಿ ನಡೆಯುತ್ತಿತ್ತು. 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ತನಕ ಅದೇ ಕ್ರಮ. ಬೈಬಲನ್ನು ಮನೆಮನೆಗಳಲ್ಲಿ ಇಟ್ಟು ಓದುವ ವಾಡಿಕೆ ಇರಲಿಲ್ಲ. ಹಾಗಾದರೆ ಬೈಬಲಿನ ಕಥೆಗಳು ಇವರ ಬಳಿ ಯಾವ ರೂಪದಲ್ಲಿದ್ದವು?

ಒಂದು ಉತ್ತರ 'ಕ್ರಿಸ್ತ ಪುರಾಣ'. ಬರೆದವರು ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸುಯಿಟ್ ಪಾದ್ರಿ. 1579ರಲ್ಲಿ ಗೋವೆಗೆ ಬಂದವರು 1619ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಉಳಿದರು. ಮರಾಠಿ ಓವಿ ಛಂದಸ್ಸಿನಲ್ಲಿ, ಕೊಂಕಣಿ ಪದಗಳನ್ನು ಬೆರೆಸಿ ಅವರು ಬೈಬಲಿನ ಕಥೆಯನ್ನು ಹೇಳಿದರು. ಒಟ್ಟು ಸುಮಾರು 11,000 ಓವಿಗಳು. ಮೊದಲ ಪುರಾಣದ 36 ಅಧ್ಯಾಯಗಳಲ್ಲಿ ಸೃಷ್ಟಿಯಿಂದ ಹಿಡಿದು ಹಳೆಯ ಒಡಂಬಡಿಕೆಯ ಕಥಾನಕ. ಎರಡನೆಯದರ 59 ಅಧ್ಯಾಯಗಳಲ್ಲಿ ಕ್ರಿಸ್ತನ ಬದುಕು. ಅಂದರೆ ಸ್ಟೀಫನ್ಸ್ ಕೂಡ ಒಂದು ಬಗೆಯಲ್ಲಿ ದ್ವೀಪದ ಆಟವನ್ನೇ ಆಡಿದರು. ಬೈಬಲಿನೊಳಗೆ ಕಥೆಯಾಗಿ ಹರಿಯುವುದೆಷ್ಟೋ ಅಷ್ಟನ್ನು ಮುಂದಿಟ್ಟುಕೊಂಡರು.

ಪುರಾಣದ ಆರಂಭದಲ್ಲಿ ಬರುವ ಸನ್ನಿವೇಶವೊಂದು ಮನಸ್ಸಿನಲ್ಲಿ ಉಳಿಯುವಂಥದು. ಕ್ರೈಸ್ತನಾದ ಬ್ರಾಹ್ಮಣನೊಬ್ಬ ಗುರುವಿನೆದುರು ನಿಂತು, ಹಳೆಯ ಪುರಾಣಗಳನ್ನು ನೀವು ನಿಷೇಧಿಸಿದಿರಿ, ಅವುಗಳಿಗೆ ಬದಲಾಗಿ ಓದಲು ನಮಗೆ ಬೇರೊಂದನ್ನು ಕೊಡಬಾರದೇ ಎಂಬರ್ಥದ ಬೇಡಿಕೆ ಇಡುತ್ತಾನೆ. ಪ್ರಶ್ನೋತ್ತರದ ಧರ್ಮಬೋಧೆ ಅವನಿಗೆ ಸಾಕಾಗಿರಲಿಲ್ಲ. ಈ ಕಾವ್ಯದ ಹಿಂದೆ ಹೀಗೊಂದು ಪುಸ್ತಕನಾಶದ ನೆರಳಿದೆ. ಅದನ್ನು ಮರೆತು ಸ್ಟೀಫನ್ಸರನ್ನು ಹೊಗಳುವುದು ಅರ್ಧ ಸತ್ಯವಾದೀತು.

ಪುರಾಣ 1616, 1649 ಮತ್ತು 1654ರಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಮುಂದೆ 1684ರಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯ್ ಸ್ಥಳೀಯ ಭಾಷೆಯನ್ನೇ ಬಿಡಿಸಿ ಪೋರ್ಚುಗೀಸ್ ಆಡಿಸುವ ಆಜ್ಞೆ ಹೊರಡಿಸಿದರು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಆದರೆ ಗಡಿ ದಾಟಿ ಕೆನರಾಕ್ಕೆ ಬಂದವರಲ್ಲಿ ಪುರಾಣ ಉಳಿಯಿತು, ಅದೂ ಕೈಬರಹದ ಪ್ರತಿಗಳಾಗಿ, ಕೂತು ಹಾಡುವ ಹಾಡಾಗಿ.

ಬಳಿಕ ಬಂತು 1784. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕೆಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಎಷ್ಟು ಮಂದಿ ಎಂಬುದರಲ್ಲಿ ಒಮ್ಮತವಿಲ್ಲ. ಮೂವತ್ತು ಸಾವಿರದಿಂದ ಅರುವತ್ತು ಸಾವಿರದವರೆಗೆ ಲೆಕ್ಕಗಳಿವೆ. ಇಂದು ಜಮಲಾಬಾದ್ ಕೋಟೆ ಇರುವ ಬೆಳ್ತಂಗಡಿಯ ಗಡಾಯಿಕಲ್ಲಿನ ಮಗ್ಗುಲಾಗಿ ಘಟ್ಟ ಹತ್ತಿಸಿದರು ಎಂಬುದು ಸಮುದಾಯದ ನೆನಪು. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆ ಹತ್ತಿರದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಅಲ್ಲಿನ ಜೈನ ಅರಸ ಚೌಟರ ಮಾತಿನಿಂದ ಉಳಿಯಿತೆಂದು ಹೇಳುತ್ತಾರೆ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಕೂಡ ಉಳಿದದ್ದರ ಸಾಲಿಗೆ ಸೇರುತ್ತದೆ. ಅಲ್ಲಿನ ಪಾದ್ರಿ ಮಿರಾಂದಾ ಹೈದರಲಿಯ ಸ್ನೇಹಿತರಾಗಿದ್ದುದು ಅದಕ್ಕೆ ಕಾರಣವೆನ್ನಲಾಗಿದೆ.

ಹದಿನೈದು ವರ್ಷಗಳ ಸೆರೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಊರಿಗೆ ಮರಳಿದರು. ಆ ಕಾಲದುದ್ದಕ್ಕೂ ಅವರಿಗೆ ಊರಿನ ಇಗರ್ಜಿಯಾಗಲಿ ಹಬ್ಬವಾಗಲಿ ಇರಲಿಲ್ಲ. ಕ್ರಿಸ್ತ ಪುರಾಣದ ಓವಿಗಳು ಅವರಿಗೆ ಆಸರೆಯಾದವೆಂಬ ಮಾತು ಮಂಗಳೂರಿನ ಕೆಥೊಲಿಕರಲ್ಲಿ ತಲೆಮಾರುಗಳಿಂದ ಬಂದಿದೆ. ದಾಖಲೆ ಇಟ್ಟು ಸಾಧಿಸುವ ಸಂಗತಿಯಲ್ಲವಾದರೂ ಅದನ್ನು ನಂಬುವುದು ನನಗೆ ಕಷ್ಟವೆನಿಸುವುದಿಲ್ಲ. ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳಬಹುದು, ಬಾಯಿಪಾಠವಾದ ಓವಿಯನ್ನು ಕಿತ್ತುಕೊಳ್ಳುವುದು ಹೇಗೆ?

ಪುರಾಣ ಮತ್ತೆ ಅಚ್ಚಾದದ್ದು 1907ರಲ್ಲಿ, ಮಂಗಳೂರಿನಲ್ಲಿ. ಜೋಸೆಫ್ ಸಲ್ಡಾನ್ಹಾ ಎಂಬವರು ಊರಲ್ಲಿ ಉಳಿದಿದ್ದ ಕೈಬರಹದ ಪ್ರತಿಗಳನ್ನು ಹುಡುಕಿ, ತಾಳೆ ನೋಡಿ ಪ್ರಕಟಿಸಿದರು. ಸೆರೆಯಿಂದ ಮರಳಿದವರ ಮೊಮ್ಮಕ್ಕಳ ಕಾಲದ ಮಾತದು. ಮುಂದೆ ಲಂಡನ್ನಿನ ಮಾರ್ಸ್‌ಡೆನ್ ಸಂಗ್ರಹದಲ್ಲಿ ದೇವನಾಗರಿ ಪ್ರತಿಯೊಂದು ಸಿಕ್ಕಿತಾದರೂ ವಿದ್ವತ್ ಲೋಕ ಈ ಕಾವ್ಯವನ್ನು ಇಡಿಯಾಗಿ ಓದಲು ದಾರಿಯಾದದ್ದು ಮಂಗಳೂರಿನ ಆ ಪುಸ್ತಕವೇ.

ಇಪ್ಪತ್ತೆರಡರಲ್ಲೇ ನಡೆದ ಬದುಕು

ಬೆಳ್ತಂಗಡಿ ತಾಲೂಕಿನಲ್ಲಿ ಇನ್ನೊಂದು ಕ್ರೈಸ್ತ ಸಮುದಾಯವಿದೆ. ಕೇರಳದಿಂದ ಬಂದು ರಬ್ಬರು, ಕಾಳುಮೆಣಸು ಬೆಳೆದು ನೆಲೆನಿಂತ ಸಿರೋ ಮಲಬಾರ್ ಕೆಥೊಲಿಕರದು. ಇವರಿಗಾಗಿ ಬೆಳ್ತಂಗಡಿಯಲ್ಲೇ 1999ರಲ್ಲಿ ಪ್ರತ್ಯೇಕ ಧರ್ಮಪ್ರಾಂತ ರಚನೆಯಾಯಿತು. ಇವರ ಪೂರ್ವಜರು ಬಳಸುತ್ತಿದ್ದದ್ದು 'ಪೆಶಿತ್ತಾ' ಎಂಬ ಸಿರಿಯಕ್ ಬೈಬಲ್. ಅದರ ಹೊಸ ಒಡಂಬಡಿಕೆಯಲ್ಲಿ 27ರ ಬದಲು 22 ಪುಸ್ತಕಗಳು ಮಾತ್ರ. ಪೇತ್ರನ ಎರಡನೆಯ ಪತ್ರ, ಯೋಹಾನನ ಎರಡನೆಯ ಮತ್ತು ಮೂರನೆಯ ಪತ್ರಗಳು, ಯೂದನ ಪತ್ರ ಹಾಗೂ ಪ್ರಕಟನೆ ಅದರಲ್ಲಿಲ್ಲ. 1599ರಲ್ಲಿ ಪೋರ್ಚುಗೀಸರು ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಇಲ್ಲದ ಪುಸ್ತಕಗಳನ್ನು ಸೇರಿಸಬೇಕೆಂದು ಅಪ್ಪಣೆ ಮಾಡಿದರು. ಅಲ್ಲಿಯ ತನಕ ಶತಮಾನಗಳ ಕಾಲ ಈ ಜನ ಪ್ರಕಟನೆಯ ಏಳು ಮುದ್ರೆ, ಏಳು ತುತೂರಿಗಳಿಲ್ಲದೆಯೇ ಮದುವೆ, ಮರಣ, ಹಬ್ಬಗಳನ್ನೆಲ್ಲ ನಡೆಸಿದ್ದರು. ಏನೋ ಕಳೆದುಹೋಗಿದೆ ಎಂದು ಹೇಳಿದ್ದು ಹೊರಗಿನಿಂದ ಬಂದವರು.

ಮೂಡುಬಿದಿರೆಯ ಗರಿಗಳು

ಎಲ್ಲವೂ ಹೋಗಿ ಒಂದಿಷ್ಟು ಮಾತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯ ದೊಡ್ಡ ಉದಾಹರಣೆ ಬೈಬಲಿನದಲ್ಲ. ಅದು ಮೂಡುಬಿದಿರೆಯ ಸಿದ್ಧಾಂತ ಬಸದಿಯದು. ಗುರುಬಸದಿ ಎಂದೂ ಅದನ್ನು ಕರೆಯುತ್ತಾರೆ.

ದಿಗಂಬರ ಜೈನರ ನಂಬಿಕೆಯಂತೆ ಮಹಾವೀರರ ಉಪದೇಶವನ್ನು ಒಳಗೊಂಡ ಹನ್ನೆರಡು ಅಂಗಗಳು ಬಾಯಿಂದ ಬಾಯಿಗೆ ಬರುತ್ತ ಕ್ರಮೇಣ ನಷ್ಟವಾದವು. ಕೊನೆಗೆ ಒಂದು ಭಾಗವನ್ನು ಬಲ್ಲವರು ಗಿರಿನಾರದ ಚಂದ್ರಗುಹೆಯಲ್ಲಿದ್ದ ಮುದುಕ ಧರಸೇನಾಚಾರ್ಯರು. ತನ್ನೊಡನೆ ಇದೂ ಮುಗಿಯುತ್ತದೆಂಬ ಭಯದಿಂದ ಅವರು ದಕ್ಷಿಣದ ಮುನಿಗಳಿಗೆ ಪತ್ರ ಬರೆದರು. ಇಬ್ಬರು ತರುಣ ಮುನಿಗಳು ಬಂದರು. ಆಚಾರ್ಯರು ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಒಂದು ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದು ಅಕ್ಷರ ಕಡಿಮೆ. ಜಪಿಸಿದಾಗ ಒಬ್ಬರಿಗೆ ಉಬ್ಬುಹಲ್ಲಿನ ದೇವತೆ ಕಾಣಿಸಿಕೊಂಡಳು, ಇನ್ನೊಬ್ಬರಿಗೆ ಒಕ್ಕಣ್ಣಿನವಳು. ದೇವತೆಯರು ಹೀಗಿರುವುದಿಲ್ಲ, ಮಂತ್ರದಲ್ಲೇ ದೋಷವಿದೆ ಎಂದು ಊಹಿಸಿ ಇಬ್ಬರೂ ಅಕ್ಷರಗಳನ್ನು ಸರಿಪಡಿಸಿಕೊಂಡರು. ಇಂಥವರಿಗೆ ಪಾಠ ಹೇಳಬಹುದೆಂದು ಆಚಾರ್ಯರಿಗೆ ಮನವರಿಕೆಯಾಯಿತು. ಪುಷ್ಪದಂತ, ಭೂತಬಲಿ ಎಂಬ ಆ ಇಬ್ಬರು ರಚಿಸಿದ್ದು 'ಷಟ್ಖಂಡಾಗಮ'. ಅದು ಮುಗಿದ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಶ್ರುತಪಂಚಮಿಯಾಗಿ ಆಚರಿಸುತ್ತಾರೆ.

ಅದಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ 72,000 ಶ್ಲೋಕ ಪ್ರಮಾಣದ ವ್ಯಾಖ್ಯಾನವೇ 'ಧವಲಾ'. ಗುಣಧರರ 'ಕಷಾಯಪಾಹುಡ'ಕ್ಕೆ ಅವರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ್ದು 'ಜಯಧವಲಾ'. ಷಟ್ಖಂಡದ ಆರನೆಯ ಖಂಡ 'ಮಹಾಬಂಧ'ಕ್ಕೆ 'ಮಹಾಧವಲಾ' ಎಂದೂ ಹೆಸರು. ಈ ಮೂರರ ಹಳೆಯ ಓಲೆಪ್ರತಿಗಳು ಭಾರತದಲ್ಲಿ ಒಂದೇ ಕಡೆ ಉಳಿದವು, ಮೂಡುಬಿದಿರೆಯಲ್ಲಿ. ಹಳಗನ್ನಡ ಲಿಪಿ, ಪ್ರಾಕೃತ ಮತ್ತು ಸಂಸ್ಕೃತ ಭಾಷೆ, ಕೆಲವು ಗರಿಗಳ ಮೇಲೆ ಹೊಯ್ಸಳ ಕಾಲದ ಬಣ್ಣದ ಚಿತ್ರಗಳು. ಇಲ್ಲಿ ಭದ್ರವಾಗಿರುತ್ತದೆಂದು ಆಪತ್ತಿನ ಕಾಲದಲ್ಲಿ ಶ್ರವಣಬೆಳಗೊಳದ ಕಡೆಯಿಂದ ತಂದಿಟ್ಟರೆಂಬ ಪ್ರತೀತಿಯಿದೆ.

ಭದ್ರವಾಗಿ ಇತ್ತು ನಿಜ, ಆದರೆ ಓದುವವರಿರಲಿಲ್ಲ. ಯಾತ್ರಿಕರು ಬಂದು ಗರಿಗಳ ಕಟ್ಟಿಗೆ ಕೈಮುಗಿದು 'ಸಿದ್ಧಾಂತ ದರ್ಶನ' ಮಾಡಿ ಹೋಗುತ್ತಿದ್ದರು. 19ನೇ ಶತಮಾನದ ಕೊನೆಗೆ ಮುಂಬಯಿಯ ಮಾಣಿಕಚಂದ್, ಸೋಲಾಪುರದ ಹೀರಾಚಂದ್ ನೇಮಚಂದ್ ಮೊದಲಾದ ಶ್ರೀಮಂತ ಶ್ರಾವಕರು ಬಂದು, ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಚಿಂತಿತರಾದರು. ನಕಲು ಮಾಡಿಸಲು ಹಣ ಕೂಡಿತು. ಸುಮಾರು 1896ರಲ್ಲಿ ಆರಂಭವಾದ ಕೆಲಸ ಪೂರ್ತಿ ಮುಗಿದದ್ದು 1922ರ ಹೊತ್ತಿಗೆ. ಒಂದು ಷರತ್ತಿತ್ತು: ನಕಲು ಮೂಡುಬಿದಿರೆ ಬಿಟ್ಟು ಹೊರಹೋಗಬಾರದು.

ಷರತ್ತನ್ನು ಮುರಿದವರು ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರೇ. ಬಸದಿಗೆ ಬೇಕಾದ ಪ್ರತಿಯನ್ನು ಸಿದ್ಧಪಡಿಸುತ್ತಲೇ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದನ್ನು ಉತ್ತರದ ಸಹಾರನಪುರದ ಶ್ರೀಮಂತರೊಬ್ಬರು ಕೊಂಡರು. ಅಲ್ಲಿ ಅದನ್ನು ನಾಗರಿಗೆ ಇಳಿಸುವ ಕೆಲಸಕ್ಕೆ ಬಂದ ಸೀತಾರಾಮ ಶಾಸ್ತ್ರಿಗಳು ತಾವೂ ಗುಟ್ಟಾಗಿ ಒಂದು ಪ್ರತಿ ಇಟ್ಟುಕೊಂಡರು. ಆ ಪ್ರತಿಯಿಂದ ಹುಟ್ಟಿದ ನಕಲುಗಳು ಆರಾ, ಕಾರಂಜಾ, ಅಮರಾವತಿ, ಸಾಗರಗಳಿಗೆ ಹಬ್ಬಿದವು.

ಇದು ಕಳ್ಳತನವೇ? ಮಾತು ಕೊಟ್ಟು ತಪ್ಪಿದ್ದಂತೂ ಹೌದು, ಹಣವೂ ಕೈಬದಲಾಯಿತು. ಮೂಡುಬಿದಿರೆಯವರ ಅಂಜಿಕೆಯನ್ನೂ ಮೂಢತನವೆಂದು ತಳ್ಳಿಹಾಕಲಾಗದು. ಏಳೆಂಟು ಶತಮಾನ ಗೆದ್ದಲು, ಮಳೆ, ಯುದ್ಧಗಳಿಂದ ಒಂದು ಕಟ್ಟನ್ನು ಕಾಪಾಡಿದವರಿಗೆ ಅದನ್ನು ಬೀದಿಗೆ ಬಿಡುವ ಮನಸ್ಸು ಸುಲಭವಾಗಿ ಬಾರದು. ಆದರೂ ಉಪಾಧ್ಯಾಯ ದಂಪತಿಗಳ ಆ ಗುಟ್ಟಿನ ಬರವಣಿಗೆ ನಡೆಯದಿದ್ದರೆ ಗ್ರಂಥ ಅಚ್ಚಿಗೆ ಬರುವುದು ಇನ್ನೆಷ್ಟು ಕಾಲ ತಡವಾಗುತ್ತಿತ್ತೋ.

ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ್ ಜೈನ್ ಈ ನಕಲುಗಳ ನಕಲುಗಳನ್ನೇ ಮುಂದಿಟ್ಟುಕೊಂಡು 1939ರಲ್ಲಿ ಧವಲೆಯ ಮೊದಲ ಸಂಪುಟ ಹೊರತಂದರು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಆ. ನೇ. ಉಪಾಧ್ಯೆ ಅವರಿಗೆ ಒತ್ತಾಸೆಯಾಗಿದ್ದರು. ಆ ಸಂಪುಟದ 93ನೆಯ ಸೂತ್ರದಲ್ಲಿ ಸಂಪಾದಕರಿಗೆ ಒಂದು ಕಡೆ ಎಡವಿದಂತಾಯಿತು. ಮನುಷ್ಯ ಸ್ತ್ರೀಯರು ಆತ್ಮವಿಕಾಸದ ಯಾವ ಯಾವ ಮೆಟ್ಟಿಲುಗಳನ್ನು ಏರಬಲ್ಲರೆಂದು ಹೇಳುವ ಸೂತ್ರವದು. ಮುಂದಿನ ವ್ಯಾಖ್ಯಾನವನ್ನು ನೋಡಿದರೆ ಸೂತ್ರದಲ್ಲಿ 'ಸಂಜದ', ಅಂದರೆ ಸಂಯತ, ಪೂರ್ಣ ಸಂಯಮದ ಮೆಟ್ಟಿಲನ್ನು ಏರಿದವರು ಎಂಬ ಪದ ಇರಲೇಬೇಕು. ಕೈಯಲ್ಲಿದ್ದ ನಕಲುಗಳಲ್ಲಿ ಅದಿಲ್ಲ. ಪದ ಬಿಟ್ಟುಹೋಗಿರುವಂತೆ ತೋರುತ್ತದೆಂದು ಅವರು ಅಡಿಟಿಪ್ಪಣಿ ಹಾಕಿದರು. ದೊಡ್ಡ ಗದ್ದಲವೇ ಎದ್ದಿತು. ಸ್ತ್ರೀ ದೇಹದಲ್ಲಿ ಮೋಕ್ಷವಿಲ್ಲವೆನ್ನುವ ದಿಗಂಬರ ಪಂಥದ ಅತಿ ಪ್ರಾಚೀನ ಗ್ರಂಥದಲ್ಲಿ ಅಂಥ ಪದವೇ? ಅಲ್ಲಿ ಹೇಳಿರುವುದು ದೇಹದ ಸ್ತ್ರೀತ್ವವನ್ನಲ್ಲ, ಭಾವದ ಸ್ತ್ರೀತ್ವವನ್ನು ಎಂದು ಒಂದು ಪಕ್ಷ ವಾದಿಸಿದರೆ, ಪದವೇ ಇರಕೂಡದೆಂದು ಇನ್ನೊಂದು ಪಕ್ಷ ಪಟ್ಟು ಹಿಡಿಯಿತು.

ಮೊದಲ ಸಂಪುಟಗಳು ಹೊರಬಂದ ಮೇಲೆ ಮೂಡುಬಿದಿರೆಯವರ ಮನಸ್ಸು ಕರಗಿ, ಮೂಲದೊಂದಿಗೆ ತಾಳೆ ನೋಡಲು ಒಪ್ಪಿಗೆ ಸಿಕ್ಕಿತ್ತು. ಬಸದಿಯ ಕಟ್ಟನ್ನು ಬಿಚ್ಚಿ ಗರಿ ಹುಡುಕಿದರು. 93ನೆಯ ಸೂತ್ರದಲ್ಲಿ 'ಸಂಜದ' ಪದ ಇತ್ತು.